ಸಿಎಪಿಎಂ ಪರೀಕ್ಷೆಗೆ ತಯಾರಿ: ಒಂದು ಹೋಟೆಲ್ ಬ್ರಾಂಚಿನ ಲೆಕ್ಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್

ಪುಣೆಯ ಹಿಂಜವಡಿ, ಖರಾಡಿ, ಮುಂಬಯಿಯ ಪವಾಯಿ, ಅಂಧೇರಿ ಕಡೆಯ ಆಫೀಸುಗಳಲ್ಲಿ ಕೋ-ಆರ್ಡಿನೇಟರ್, ಟೆಸ್ಟರ್, ಸೈಟ್ ಎಂಜಿನಿಯರ್ ಆಗಿರುವ ನಮ್ಮವರು ಬಹಳ ಮಂದಿ. ಪ್ರಾಜೆಕ್ಟ್ ಕಡೆ ಹೊರಳಬೇಕು ಎಂದುಕೊಂಡವರು ಮೊದಲು ಕೇಳುವ ಪ್ರಶ್ನೆ: ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಬರೆಯಲೋ, ಸಿಎಪಿಎಂ (ಸರ್ಟಿಫೈಡ್ ಅಸೋಸಿಯೇಟ್ ಇನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್) ಬರೆಯಲೋ? ಎರಡೂ ಪ್ರಮಾಣಪತ್ರ ಕೊಡುವುದು ಅಮೆರಿಕದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್), 1969ರಲ್ಲಿ ಹುಟ್ಟಿದ ಸಂಸ್ಥೆ. ಪಿಎಂಪಿಗೆ ಪದವಿ ಇದ್ದವರೂ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ತೋರಿಸಬೇಕು, ಜತೆಗೆ 35 ಗಂಟೆ ತರಬೇತಿ. ಸಿಎಪಿಎಂಗೆ ಅನುಭವವೂ ಬೇಕಿಲ್ಲ, ಪದವಿಯೂ ಬೇಕಿಲ್ಲ. ಪ್ರೌಢ ಶಿಕ್ಷಣ ಮುಗಿಸಿದ ಪ್ರಮಾಣಪತ್ರ ಮತ್ತು 23 ಗಂಟೆ ತರಬೇತಿ ಸಾಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಊರು ಮುಂಬಯಿ. ಆ ಬಗೆಯಲ್ಲಿ ಓದುವವರಿಗೆ ಹೇಳಿ ಮಾಡಿಸಿದ ಪರೀಕ್ಷೆ ಇದು. ಮುಂದೆ ಹೇಳುವುದೆಲ್ಲ ಸಿಎಪಿಎಂ ಕುರಿತು.

ಪರೀಕ್ಷೆಯಲ್ಲಿ 150 ಪ್ರಶ್ನೆ, 180 ನಿಮಿಷ. ಅಂದರೆ ಪ್ರಶ್ನೆಗೆ 72 ಸೆಕೆಂಡು. ಇದರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಪಿಎಂಐ ತನ್ನ ಪ್ರಯೋಗಕ್ಕೆ ಸೇರಿಸಿರುತ್ತದೆ. ಯಾವ 15 ಎಂದು ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲವನ್ನೂ ಬರೆಯಲೇಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಖಾಲಿ ಬಿಡುವುದು ಬರೀ ನಷ್ಟ.

ಎಲ್ಲಿ ಎಷ್ಟು ಹೊತ್ತು ಕೂರಬೇಕು

ಪಿಎಂಐ ತಾಣದಲ್ಲಿ ‘ಎಕ್ಸಾಮ್ ಕಂಟೆಂಟ್ ಔಟ್‌ಲೈನ್’ ಉಚಿತವಾಗಿ ಸಿಗುತ್ತದೆ. ಯಾವ ಪುಸ್ತಕ ಕೊಳ್ಳುವ ಮೊದಲೂ ಅದನ್ನು ಇಳಿಸಿಕೊಳ್ಳಿ. 2023ರಲ್ಲಿ ಬದಲಾದ ಪರೀಕ್ಷೆಯ ಪ್ರಕಾರ ಮೂಲ ತತ್ವಗಳಿಗೆ 36%, ಏನು ಬೇಕೆಂದು ಬಿಡಿಸಿ ಬರೆಯುವ ಬಿಸಿನೆಸ್ ಅನಾಲಿಸಿಸ್‌ಗೆ 27%, ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸಿ ತಿದ್ದುತ್ತಾ ಹೋಗುವ ಅಜೈಲ್‌ಗೆ 20%, ಮೊದಲೇ ಯೋಜನೆ ಹಾಕಿ ಮಾಡುವ ಪ್ರೆಡಿಕ್ಟಿವ್ ಪದ್ಧತಿಗೆ 17%.

ಈ ನಾಲ್ಕು ಅಂಕಿಗಳನ್ನು ನೋಡದೆ ಓದಲು ಕೂತವರೇ ಹೆಚ್ಚಾಗಿ ಎಡವುವುದು. ಹಳೆಯ ನೋಟ್ಸ್ ಕೈಯಿಂದ ಕೈಗೆ ಬಂದಿರುತ್ತದೆ, ಅದರಲ್ಲಿ ಪಿಎಂಐಯ ಕೈಪಿಡಿ ‘ಪಿಎಂಬಿಒಕೆ ಗೈಡ್’ನ 2017ರ ಆರನೇ ಆವೃತ್ತಿಯ 49 ಪ್ರೋಸೆಸ್‌ಗಳ ಪಟ್ಟಿ ಇರುತ್ತದೆ, ಅದನ್ನು ಬಾಯಿಪಾಠ ಮಾಡುತ್ತಾ ತಿಂಗಳು ಕಳೆಯುತ್ತದೆ. ಸೂತ್ರಗಳಲ್ಲಿ ಹೆಚ್ಚಿನವು ಇರುವುದು 17%ರ ಭಾಗದಲ್ಲಿ. 27%ರ ಬಿಸಿನೆಸ್ ಅನಾಲಿಸಿಸ್ ಪುಸ್ತಕದ ಕೊನೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಓದದೆ ಉಳಿಯುತ್ತದೆ.

ದಿನಕ್ಕೆ ಒಂದೂವರೆ ಗಂಟೆಯಂತೆ ಎಂಟು ವಾರ ಓದಿದರೆ ಸುಮಾರು 80 ಗಂಟೆ. ಮೂಲ ತತ್ವಕ್ಕೆ 29, ಬಿಸಿನೆಸ್ ಅನಾಲಿಸಿಸ್‌ಗೆ 21, ಅಜೈಲ್‌ಗೆ 16, ಪ್ರೆಡಿಕ್ಟಿವ್‌ಗೆ 14 ಎಂದು ಹಂಚಿ. ಕೊನೆಯ ಎರಡು ವಾರದ ಗಂಟೆಗಳು ಹೊಸ ಓದಿಗಲ್ಲ, ಅಣಕು ಪರೀಕ್ಷೆಗೆ. ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗಿನ ಲೋಕಲ್ ಪ್ರಯಾಣದಲ್ಲಿ ವ್ಯಾಖ್ಯಾನ ನೆನಪಿಟ್ಟುಕೊಳ್ಳಬಹುದು; ಸನ್ನಿವೇಶದ ಪ್ರಶ್ನೆ ಬಿಡಿಸಲು ಆಗುವುದಿಲ್ಲ. ಅದಕ್ಕೆ ಮೇಜು ಬೇಕು.

ಇನ್ನು ವಿಷಯ. ಉದಾಹರಣೆ ಒಂದನ್ನೇ ಇಟ್ಟುಕೊಳ್ಳೋಣ: ಪುಣೆಯ ಕೋಥ್ರೂಡ್‌ನಲ್ಲಿರುವ ಒಂದು ಉಡುಪಿ ಹೋಟೆಲ್ ವಾಕಡ್‌ನಲ್ಲಿ ಹೊಸ ಬ್ರಾಂಚ್ ತೆರೆಯುತ್ತಿದೆ. ಬಜೆಟ್ 12 ಲಕ್ಷ. ಪ್ರಾಜೆಕ್ಟ್ ಮ್ಯಾನೇಜರ್ ನೀವು.

ಬುನಾದಿ

ದಿನಾ ಬೆಳಗ್ಗೆ ಇಡ್ಲಿ ಬೇಯಿಸುವುದು ಆಪರೇಶನ್. ಬ್ರಾಂಚ್ ತೆರೆಯುವುದು ಪ್ರಾಜೆಕ್ಟ್: ಅದಕ್ಕೆ ಆರಂಭವಿದೆ, ಅಂತ್ಯವಿದೆ, ಮುಗಿದಾಗ ಹೊಸದೊಂದು ಕೈಗೆ ಬರುತ್ತದೆ. ಬ್ರಾಂಚ್, ಬಿಲ್ಲಿಂಗ್ ಸಾಫ್ಟ್‌ವೇರ್, ಆನ್‌ಲೈನ್ ಆರ್ಡರ್ ಆ್ಯಪ್ ಈ ಮೂರನ್ನೂ ಬೇರೆ ಬೇರೆ ನಡೆಸಿದರೆ ಸಿಗದ ಲಾಭಕ್ಕಾಗಿ ಒಟ್ಟಿಗೆ ನಡೆಸಿದರೆ ಅದು ಪ್ರೋಗ್ರಾಂ. ಧಣಿಗಳು ತಮ್ಮ ವ್ಯವಹಾರದ ಗುರಿಗೆ ತಕ್ಕಂತೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂದು ನೋಡುವ ಇಡೀ ಗುಂಪು ಪೋರ್ಟ್‌ಫೋಲಿಯೊ.

ಪ್ರಾಜೆಕ್ಟಿಗೆ ಒಪ್ಪಿಗೆಯ ಪತ್ರವಾದ ಪ್ರಾಜೆಕ್ಟ್ ಚಾರ್ಟರ್ ಕೊಡುವುದು ಸ್ಪಾನ್ಸರ್, ಇಲ್ಲಿ ಧಣಿಗಳು. ನಿಮಗೆ ಹಣ, ಜನ ಬಳಸುವ ಅಧಿಕಾರ ಬರುವುದು ಅದರಿಂದ. ಬರೆಯಲು ನೀವು ನೆರವಾಗಬಹುದು; ಸಹಿ ಅವರದೇ. ‘ಚಾರ್ಟರ್ ಇಲ್ಲದೆ ಕೆಲಸ ಶುರುವಾಗಿದೆ, ಈಗೇನು ಮಾಡುತ್ತೀರಿ’ ಎಂಬ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ.

ರಿಸ್ಕ್ ಮತ್ತು ಇಶ್ಯೂ ಬೆರೆಸಬೇಡಿ. ಜುಲೈ ಮಳೆಗೆ ಸಾಮಾನಿನ ಟ್ರಕ್ ತಡವಾಗಬಹುದು ಎಂಬುದು ರಿಸ್ಕ್, ರಿಸ್ಕ್ ರಿಜಿಸ್ಟರ್‌ಗೆ ಹೋಗುತ್ತದೆ. ಟ್ರಕ್ ನಿಂತೇಬಿಟ್ಟಿದ್ದರೆ ಇಶ್ಯೂ, ಇಶ್ಯೂ ಲಾಗ್‌ಗೆ. ಅಪಾಯವನ್ನು ಎದುರಿಸುವ ದಾರಿ ಐದು: ತಪ್ಪಿಸುವುದು, ಬೇರೆಯವರಿಗೆ ವರ್ಗಾಯಿಸುವುದು, ತಗ್ಗಿಸುವುದು, ಒಪ್ಪಿಕೊಳ್ಳುವುದು, ಮೇಲಿನವರಿಗೆ ಒಪ್ಪಿಸುವುದು. ವಿಮೆ ಮಾಡಿಸುವುದು ವರ್ಗಾವಣೆ. ತಗ್ಗಿಸುವುದು ಎಂದು ಗುರುತು ಹಾಕಿ ಅಂಕ ಕಳೆದುಕೊಳ್ಳುವವರು ಬಹಳ. ಅಪಾಯದ ಬೆಲೆ ಕಟ್ಟುವುದು ಸುಲಭ: ಮಳೆಯಿಂದ 1,00,000 ರೂಪಾಯಿ ನಷ್ಟವಾಗುವ ಸಾಧ್ಯತೆ 30% ಇದ್ದರೆ 30,000 ರೂಪಾಯಿ. ಹೀಗೆ ಗುರುತಿಸಿದ ರಿಸ್ಕ್‌ಗೆಂದು ಎತ್ತಿಡುವ ಹಣ ಕಂಟಿಂಜೆನ್ಸಿ ರಿಸರ್ವ್. ಕನಸಿನಲ್ಲೂ ಎಣಿಸದ್ದಕ್ಕೆ ಇಡುವುದು ಮ್ಯಾನೇಜ್‌ಮೆಂಟ್ ರಿಸರ್ವ್. ಅದು ಕಾಸ್ಟ್ ಬೇಸ್‌ಲೈನ್‌ನ (ಒಪ್ಪಿಗೆ ಪಡೆದ ಖರ್ಚಿನ ಯೋಜನೆಯ) ಹೊರಗಿರುತ್ತದೆ.

ಸಂವಹನದ ದಾರಿಗಳ ಲೆಕ್ಕದಲ್ಲಿ ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಿಂದ ಗುಣಿಸಿ, ಎರಡರಿಂದ ಭಾಗಿಸಿ. ತಂಡದಲ್ಲಿ 6 ಜನರಿದ್ದರೆ 15, ಇಬ್ಬರು ಸೇರಿ 8 ಆದರೆ 28. ಪ್ರಶ್ನೆ ‘ಎಷ್ಟು ಹೆಚ್ಚಾಯಿತು’ ಎಂದಿದ್ದರೆ ಉತ್ತರ 13. ಆಯ್ಕೆಗಳಲ್ಲಿ 28 ಖಂಡಿತ ಇರುತ್ತದೆ.

ಪ್ರೆಡಿಕ್ಟಿವ್: ನಕ್ಷೆ, ದಿನ, ದುಡ್ಡು

ಡಬ್ಲ್ಯುಬಿಎಸ್ (ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್) ಎಂದರೆ ಕೆಲಸಗಳ ಪಟ್ಟಿಯಲ್ಲ, ಕೈಗೆ ಸಿಗಬೇಕಾದ ವಸ್ತುಗಳ ವಿಂಗಡಣೆ. ‘ಟೈಲ್ಸ್ ಹಾಕುವುದು’ ಎಂದು ಬರೆದರೆ ತಪ್ಪು, ‘ಅಡುಗೆಮನೆಯ ನೆಲ’ ಎಂದರೆ ಸರಿ. ಕೆಳಗಿನ ಹಂತಗಳನ್ನೆಲ್ಲ ಕೂಡಿಸಿದರೆ ಮೇಲಿನದು ಪೂರ್ತಿ ಸಿಗಬೇಕು, ಒಂದು ಚೂರೂ ಹೆಚ್ಚು ಕಡಿಮೆ ಇಲ್ಲದೆ. ಇದು 100% ನಿಯಮ. ತೀರಾ ಕೆಳಗಿನ ತುಂಡು ವರ್ಕ್ ಪ್ಯಾಕೇಜ್. ಪ್ರಾಜೆಕ್ಟಿನಲ್ಲಿ ಏನೇನು ಬರುತ್ತದೆ ಎಂದು ಹೇಳುವ ಸ್ಕೋಪ್ ಸ್ಟೇಟ್‌ಮೆಂಟ್, ಡಬ್ಲ್ಯುಬಿಎಸ್, ಅದರ ಡಿಕ್ಷನರಿ ಮೂರೂ ಸೇರಿ ಸ್ಕೋಪ್ ಬೇಸ್‌ಲೈನ್.

ಈಗ ದಿನದ ಲೆಕ್ಕ. ಹಾಳೆ ತೆಗೆದುಕೊಂಡು ಜತೆಗೇ ಬಿಡಿಸಿ.

ನಕ್ಷೆ ಅಂತಿಮಗೊಳಿಸಲು 5 ದಿನ. ಅದಾದ ಮೇಲೆ ಮೂರು ಕೆಲಸ ಒಟ್ಟಿಗೆ ಶುರು: ಸಿವಿಲ್ ಕೆಲಸ 15 ದಿನ, ಕಾವಲಿ, ಗ್ರೈಂಡರ್, ಚಿಮಣಿಗೆ ಆರ್ಡರ್ ಕೊಟ್ಟು ತರಿಸಲು 12 ದಿನ, ಅಡುಗೆಯವರ ನೇಮಕ ಮತ್ತು ತರಬೇತಿಗೆ 10 ದಿನ. ಸಿವಿಲ್ ಮುಗಿದ ಮೇಲೆ ಎಲೆಕ್ಟ್ರಿಕಲ್ 6 ದಿನ. ಸಾಮಾನು ಬಂದು ಎಲೆಕ್ಟ್ರಿಕಲ್ಲೂ ಮುಗಿದರೆ ಜೋಡಣೆ 4 ದಿನ. ಜೋಡಣೆಯೂ ತರಬೇತಿಯೂ ಮುಗಿದ ಮೇಲೆ ಟ್ರಯಲ್ 3 ದಿನ.

ದಾರಿಗಳು ಮೂರು. ನಕ್ಷೆ–ಸಿವಿಲ್–ಎಲೆಕ್ಟ್ರಿಕಲ್–ಜೋಡಣೆ–ಟ್ರಯಲ್: 5+15+6+4+3 = 33. ನಕ್ಷೆ–ಸಾಮಾನು–ಜೋಡಣೆ–ಟ್ರಯಲ್: 24. ನಕ್ಷೆ–ತರಬೇತಿ–ಟ್ರಯಲ್: 18. ಉದ್ದದ ದಾರಿಯೇ ಕ್ರಿಟಿಕಲ್ ಪಾತ್, ಬ್ರಾಂಚ್ ತೆರೆಯಲು 33 ದಿನ ಬೇಕು. ಸಾಮಾನು ತರಿಸುವುದಕ್ಕೆ ಫ್ಲೋಟ್ (ಪ್ರಾಜೆಕ್ಟ್ ತಡವಾಗದಂತೆ ಜಾರಬಹುದಾದ ಅವಧಿ) 9 ದಿನ, ತರಬೇತಿಗೆ 15.

ಪ್ರಶ್ನೆ ಇಲ್ಲಿಂದ ಮುಂದೆ ಹುಟ್ಟುತ್ತದೆ. ಸಾಮಾನು 7 ದಿನ ತಡವಾದರೆ? ಏನೂ ಆಗುವುದಿಲ್ಲ, ಫ್ಲೋಟ್ ಒಳಗೇ ಇದೆ. 11 ದಿನ ತಡವಾದರೆ ಆ ದಾರಿ 35 ದಿನವಾಗುತ್ತದೆ. ಪ್ರಾಜೆಕ್ಟ್ 2 ದಿನ ತಡ, ಕ್ರಿಟಿಕಲ್ ಪಾತ್ ಕೂಡ ಬದಲಾಯಿತು. 11 ದಿನ ತಡ ಎಂದು ಗುರುತು ಹಾಕುವುದು ಮಾಮೂಲಿ ತಪ್ಪು.

ಬೇಗ ಮುಗಿಸಬೇಕು ಎಂದರೆ? ಸಾಮಾನನ್ನು ಒಂದು ದಿನ ಮುಂಚೆ ತರಿಸಲು 1,000 ರೂಪಾಯಿ ಹೆಚ್ಚು ಖರ್ಚು, ಎಲೆಕ್ಟ್ರಿಕಲ್ಲಿಗೆ 2,500, ಸಿವಿಲ್‌ಗೆ 4,000 ಎಂದು ಕೊಟ್ಟಿದ್ದರೆ ಕಣ್ಣು 1,000ಕ್ಕೆ ಹೋಗುತ್ತದೆ. ಆದರೆ ಅದು ಕ್ರಿಟಿಕಲ್ ಪಾತ್‌ನಲ್ಲಿಲ್ಲ. ಆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸರಿಯುತ್ತರ ಎಲೆಕ್ಟ್ರಿಕಲ್. ಹೀಗೆ ಹಣ ಸುರಿದು ದಿನ ಉಳಿಸುವುದು ಕ್ರ್ಯಾಶಿಂಗ್. ಒಂದರ ಹಿಂದೆ ಒಂದು ಮಾಡಬೇಕಾದ್ದನ್ನು ಒಟ್ಟಿಗೆ ಮಾಡುವುದು ಫಾಸ್ಟ್ ಟ್ರ್ಯಾಕಿಂಗ್, ಅದರಲ್ಲಿ ಹೆಚ್ಚುವುದು ರಿಸ್ಕ್.

ಸಾಮಾನಿಗೆ 12 ದಿನ ಎಂದು ಬಂದದ್ದು ಹೇಗೆ? ಎಲ್ಲ ಸರಿಹೋದರೆ 8, ಸಾಮಾನ್ಯವಾಗಿ 11, ಕೆಟ್ಟರೆ 20 ದಿನ ಎಂದಿಟ್ಟುಕೊಳ್ಳಿ. ಪರ್ಟ್ (ಬೀಟಾ) ಲೆಕ್ಕದಲ್ಲಿ ಮಧ್ಯದ್ದಕ್ಕೆ ನಾಲ್ಕು ಪಟ್ಟು ತೂಕ: 8+44+20 = 72, ಆರರಿಂದ ಭಾಗಿಸಿದರೆ 12. ತ್ರಿಕೋನ ಸರಾಸರಿ ಕೇಳಿದ್ದರೆ ಮೂರನ್ನೂ ಕೂಡಿ ಮೂರರಿಂದ ಭಾಗಿಸಿ, 13. ಪ್ರಶ್ನೆಯಲ್ಲಿ ಬೀಟಾ ಎಂದಿದೆಯೋ ತ್ರಿಕೋನ ಎಂದಿದೆಯೋ ನೋಡದವರಿಗೆ ಎರಡೂ ಆಯ್ಕೆಯಲ್ಲಿ ಕಾದಿರುತ್ತವೆ.

ದುಡ್ಡಿನ ಲೆಕ್ಕ ಅರ್ನ್ಡ್ ವ್ಯಾಲ್ಯೂ. ಒಟ್ಟು ಬಜೆಟ್, ಅಂದರೆ ಬಿಎಸಿ, 12 ಲಕ್ಷ. ಇವತ್ತಿಗೆ ಅರ್ಧ ಕೆಲಸ ಆಗಬೇಕಿತ್ತು, ಅದರ ಯೋಜಿತ ಬೆಲೆ, ಪಿವಿ, 6 ಲಕ್ಷ. ಆಗಿರುವುದು 40%, ಆದ ಕೆಲಸದ ಬೆಲೆ, ಇವಿ, 4.8 ಲಕ್ಷ. ಖರ್ಚಾದದ್ದು, ಎಸಿ, 6.4 ಲಕ್ಷ. ಮುಂದಿನ ಕಳೆಯುವ, ಭಾಗಿಸುವ ನಾಲ್ಕೂ ಸೂತ್ರದಲ್ಲಿ ಇವಿ ಮೊದಲು ಬರುತ್ತದೆ, ಇಷ್ಟು ನೆನಪಿದ್ದರೆ ಅರ್ಧ ಗೆದ್ದಂತೆ. ಇವಿಯಿಂದ ಎಸಿ ಕಳೆದರೆ ಖರ್ಚಿನ ವ್ಯತ್ಯಾಸ ಮೈನಸ್ 1.6 ಲಕ್ಷ, ಪಿವಿ ಕಳೆದರೆ ವೇಳೆಯ ವ್ಯತ್ಯಾಸ ಮೈನಸ್ 1.2 ಲಕ್ಷ. ಕಳೆಯುವ ಬದಲು ಭಾಗಿಸಿದರೆ ಖರ್ಚಿನ ಸೂಚ್ಯಂಕ ಸಿಪಿಐ 0.75, ವೇಳೆಯ ಸೂಚ್ಯಂಕ ಎಸ್‌ಪಿಐ 0.8. ಒಂದಕ್ಕಿಂತ ಕಡಿಮೆ ಎಂದರೆ ಕೆಟ್ಟದ್ದು. ಒಂದು ರೂಪಾಯಿ ಖರ್ಚಿಗೆ 75 ಪೈಸೆಯ ಕೆಲಸ ಬರುತ್ತಿದೆ.

ಕೊನೆಗೆ ಎಷ್ಟಾದೀತು ಎಂಬ ಇಎಸಿಗೆ ಒಂದಕ್ಕಿಂತ ಹೆಚ್ಚು ಸೂತ್ರ. ಆರಿಸಬೇಕಾದ್ದು ಪ್ರಶ್ನೆಯ ಮಾತು ನೋಡಿ. ‘ಇದೇ ರೀತಿ ಮುಂದುವರಿದರೆ’ ಎಂದಿದ್ದರೆ 12 ಲಕ್ಷವನ್ನು 0.75ರಿಂದ ಭಾಗಿಸಿ: 16 ಲಕ್ಷ. ‘ಇದು ಒಂದು ಸಲದ ಎಡವಟ್ಟು, ಉಳಿದದ್ದು ಯೋಜನೆಯಂತೆ’ ಎಂದಿದ್ದರೆ ಖರ್ಚಾದ 6.4ಕ್ಕೆ ಉಳಿದ ಕೆಲಸದ 7.2 ಕೂಡಿಸಿ: 13.6 ಲಕ್ಷ. ‘ಖರ್ಚೂ ಏರಿದೆ, ದಿನಾಂಕವನ್ನೂ ಬಿಡುವಂತಿಲ್ಲ’ ಎಂದರೆ 7.2ನ್ನು ಸಿಪಿಐ ಮತ್ತು ಎಸ್‌ಪಿಐ ಗುಣಲಬ್ಧ 0.6ರಿಂದ ಭಾಗಿಸಿ 6.4 ಕೂಡಿಸಿ: 18.4 ಲಕ್ಷ. ಬಜೆಟ್ ಒಳಗೇ ಮುಗಿಸಬೇಕು ಎಂದರೆ ಇನ್ನು ಮುಂದೆ ಬೇಕಾದ ವೇಗ ಟಿಸಿಪಿಐ: ಉಳಿದ ಕೆಲಸ 7.2, ಉಳಿದ ಹಣ 5.6, ಅಂದರೆ ಸುಮಾರು 1.29. ಇಷ್ಟು ದಿನ 0.75ರಲ್ಲಿ ಓಡಿದ ತಂಡ ನಾಳೆಯಿಂದ 1.29ರಲ್ಲಿ ಓಡಬೇಕಂತೆ! ಬಜೆಟ್ ಪರಿಷ್ಕರಿಸದೆ ದಾರಿಯಿಲ್ಲ ಎಂದು ಈ ಒಂದೇ ಅಂಕಿ ಹೇಳಿಬಿಡುತ್ತದೆ.

ಗೊಂದಲದ ಇನ್ನೊಂದು ಜೋಡಿ: ಕಂಟ್ರೋಲ್ ಕ್ವಾಲಿಟಿ ಮತ್ತು ವ್ಯಾಲಿಡೇಟ್ ಸ್ಕೋಪ್. ಥ್ರೀ-ಫೇಸ್ ಲೈನ್ ಮೇಲೆ ಎಲ್ಲ ಗ್ರೈಂಡರ್ ಒಟ್ಟಿಗೆ ಓಡಿಸಿ ನೋಡುವುದು ನಿಮ್ಮ ತಂಡ, ಅದು ಮೊದಲನೆಯದು. ಧಣಿಗಳು ಬಂದು ನೋಡಿ ‘ಆಯಿತು, ಒಪ್ಪಿದೆ’ ಎಂದು ಸಹಿ ಹಾಕುವುದು ಎರಡನೆಯದು. ಸಾಮಾನ್ಯವಾಗಿ ಕ್ರಮವೂ ಇದೇ.

ಬಿಸಿನೆಸ್ ಅನಾಲಿಸಿಸ್: ಬಿಟ್ಟರೆ ಕೆಟ್ಟಿರಿ

ಧಣಿಗಳು ‘ಬಿಲ್ ಬೇಗ ಆಗಬೇಕು ಮಾರಾಯ್ರೆ’ ಅನ್ನುತ್ತಾರೆ. ಅದು ಆಸೆ, ಪರೀಕ್ಷಿಸಿ ನೋಡಲು ಬರುವ ರಿಕ್ವೈರ್‌ಮೆಂಟ್ ಅಲ್ಲ. ಅದನ್ನು ಬಿಡಿಸಿ ಬರೆಯುವುದೇ ಈ ಭಾಗದ ಕೆಲಸ.

‘ವಾಕಡ್ ಬ್ರಾಂಚಿನಲ್ಲಿ ಬೆಳಗಿನ ವ್ಯಾಪಾರ ಹೆಚ್ಚಬೇಕು’ ಬಿಸಿನೆಸ್ ರಿಕ್ವೈರ್‌ಮೆಂಟ್. ‘ಗಲ್ಲೆಯಲ್ಲಿ ಕೂತವರಿಗೆ ಪಾರ್ಸಲ್ ಬಿಲ್ ಬೇರೆ ಕಾಣಬೇಕು’ ಸ್ಟೇಕ್‌ಹೋಲ್ಡರ್ (ಸಂಬಂಧಪಟ್ಟವರ) ರಿಕ್ವೈರ್‌ಮೆಂಟ್. ‘ಮಾಣಿ ಆರ್ಡರ್ ಒತ್ತಿದ ಕೂಡಲೆ ಅಡುಗೆಮನೆಯಲ್ಲಿ ಚೀಟಿ ಅಚ್ಚಾಗಬೇಕು’ ಫಂಕ್ಷನಲ್: ವ್ಯವಸ್ಥೆ ಏನು ಮಾಡುತ್ತದೆ ಎಂಬುದು. ‘ಬೆಳಗ್ಗೆ 8ರಿಂದ 10ರ ನಡುವೆಯೂ ಒಂದು ಬಿಲ್ 20 ಸೆಕೆಂಡಿನೊಳಗೆ ಮುಗಿಯಬೇಕು’ ನಾನ್-ಫಂಕ್ಷನಲ್: ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದು. ‘ಕೋಥ್ರೂಡ್‌ನ ಮೆನು, ದರಗಳನ್ನು ಹೊಸ ಸಾಫ್ಟ್‌ವೇರ್‌ಗೆ ಏರಿಸಬೇಕು, ಹುಡುಗರಿಗೆ ಎರಡು ದಿನ ಕಲಿಸಬೇಕು’ ಟ್ರಾನ್ಸಿಷನ್: ಬದಲಾವಣೆ ಮುಗಿದ ಮೇಲೆ ಇದರ ಅಗತ್ಯವೇ ಇಲ್ಲ. ಐದನ್ನೂ ನಿಮ್ಮ ಆಫೀಸಿನ ಉದಾಹರಣೆಯಿಂದ ಒಮ್ಮೆ ಬರೆದುಕೊಂಡರೆ ಮತ್ತೆ ಮರೆಯುವುದಿಲ್ಲ.

ಮಾಹಿತಿ ಹೊರಡಿಸುವ ದಾರಿಯನ್ನೂ ಕೇಳುತ್ತಾರೆ. ಬಾಯಿಬಿಟ್ಟು ಹೇಳಲು ಬಾರದ ಕೆಲಸಕ್ಕೆ, ಹದ ನೋಡಿ ದೋಸೆ ಹುಯ್ಯುವವರ ಕೆಲಸದಂಥದ್ದಕ್ಕೆ, ಪಕ್ಕದಲ್ಲಿ ನಿಂತು ನೋಡುವುದೇ ಸರಿ. ನಾಲ್ಕು ವಿಭಾಗದವರು ನಾಲ್ಕು ಮಾತು ಹೇಳುತ್ತಿದ್ದರೆ ಎಲ್ಲರನ್ನೂ ಕೂರಿಸುವ ವರ್ಕ್‌ಶಾಪ್. ಸಾವಿರ ಗ್ರಾಹಕರ ಅಭಿಪ್ರಾಯಕ್ಕೆ ಸರ್ವೆ. ಪ್ರತಿ ಬೇಡಿಕೆ ಎಲ್ಲಿಂದ ಬಂತು, ಯಾವ ಭಾಗದಲ್ಲಿ ಈಡೇರಿತು, ಯಾವ ಟೆಸ್ಟ್ ಅದನ್ನು ನೋಡಿತು ಎಂದು ಕೊಂಡಿ ಹಾಕುವ ಪಟ್ಟಿ ಟ್ರೇಸೆಬಿಲಿಟಿ ಮ್ಯಾಟ್ರಿಕ್ಸ್. ‘ಯಾರೂ ಕೇಳದ ಸೌಲಭ್ಯ ಕಟ್ಟಿಬಿಟ್ಟಿದ್ದಾರೆ, ಮೊದಲೇ ಹೇಗೆ ತಿಳಿಯಬಹುದಿತ್ತು’ ಎಂಬ ಪ್ರಶ್ನೆಗೆ ಉತ್ತರ ಅದೇ.

ಅಜೈಲ್

ಸಿವಿಲ್ ಕೆಲಸವನ್ನು ಸ್ಪ್ರಿಂಟ್‌ನಲ್ಲಿ, ಅಂದರೆ ಗೊತ್ತುಮಾಡಿದ ಸಣ್ಣ ಅವಧಿಯ ಸುತ್ತುಗಳಲ್ಲಿ, ಮಾಡುವುದು ಬೇಡ. ಆನ್‌ಲೈನ್ ಆರ್ಡರ್ ಆ್ಯಪ್ ಮಾಡಬಹುದು. ಎರಡೂ ಒಂದೇ ಪ್ರಾಜೆಕ್ಟಿನಲ್ಲಿದ್ದರೆ ಅದು ಹೈಬ್ರಿಡ್. ಬೇಡಿಕೆ ಸ್ಪಷ್ಟವಾಗಿದ್ದು ಬದಲಾದರೆ ದುಬಾರಿ ಎನ್ನುವಲ್ಲಿ ಪ್ರೆಡಿಕ್ಟಿವ್, ತೋರಿಸುತ್ತಾ ತಿದ್ದುತ್ತಾ ಹೋಗಬೇಕಾದಲ್ಲಿ ಅಜೈಲ್.

ಅಜೈಲ್‌ನ ಒಂದು ಪದ್ಧತಿಯಾದ ಸ್ಕ್ರಮ್‌ನ ಅಂಕಿಗಳು ಬಾಯಲ್ಲಿರಲಿ. ಹೊಣೆಗಾರರು ಮೂವರು: ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್, ಡೆವಲಪರ್‌ಗಳು. ಸ್ಪ್ರಿಂಟ್ ಒಂದು ತಿಂಗಳು ಮೀರಬಾರದು. ತಿಂಗಳ ಸ್ಪ್ರಿಂಟ್‌ಗೆ ಪ್ಲಾನಿಂಗ್ ಗರಿಷ್ಠ 8 ಗಂಟೆ, ರಿವ್ಯೂ 4, ರೆಟ್ರೋಸ್ಪೆಕ್ಟಿವ್ 3. ದಿನದ ಸ್ಕ್ರಮ್ 15 ನಿಮಿಷ. ರಿವ್ಯೂನಲ್ಲಿ ನೋಡುವುದು ಮಾಡಿದ ವಸ್ತುವನ್ನು, ರೆಟ್ರೋಸ್ಪೆಕ್ಟಿವ್‌ನಲ್ಲಿ ಮಾಡಿದ ರೀತಿಯನ್ನು. ಬ್ಯಾಕ್‌ಲಾಗ್‌ನ (ಮಾಡಬೇಕಾದ ಕೆಲಸದ ಪಟ್ಟಿಯ) ಕ್ರಮ ನಿರ್ಧರಿಸುವುದು ಪ್ರಾಡಕ್ಟ್ ಓನರ್ ಒಬ್ಬರೇ. ಪ್ರಾಜೆಕ್ಟ್ ಮ್ಯಾನೇಜರ್ ಅದಕ್ಕೆ ಕೈಹಾಕುವ ಆಯ್ಕೆ ಕಂಡರೆ ಅಳಿಸಿಬಿಡಿ. ಬಾಕಿ 120 ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರದ ಅಳತೆ), ಸ್ಪ್ರಿಂಟ್‌ಗೆ ಸರಾಸರಿ 20 (ಇದೇ ವೆಲಾಸಿಟಿ) ಮುಗಿಯುತ್ತಿದ್ದರೆ ಇನ್ನು 6 ಸ್ಪ್ರಿಂಟ್. ಎರಡು ತಂಡಗಳ ವೆಲಾಸಿಟಿ ಹೋಲಿಸುವುದು ಯಾವಾಗಲೂ ತಪ್ಪುತ್ತರ. ಕೆಲಸವನ್ನು ಫಲಕದ ಮೇಲೆ ಕಾಣಿಸುವ ಕಾನ್‌ಬಾನ್‌ನಲ್ಲಿ ಗಮನ ಕೊಡಬೇಕಾದ್ದು ಒಮ್ಮೆಗೆ ಎಷ್ಟು ಕೆಲಸ ಕೈಯಲ್ಲಿರಬೇಕು ಎಂಬ ಮಿತಿಗೆ.

‘ಮುಂದೇನು ಮಾಡುತ್ತೀರಿ?’

ಓದಿದ್ದೆಲ್ಲ ಗೊತ್ತಿದ್ದೂ ಅಂಕ ಹೋಗುವುದು ಇಲ್ಲಿ. ಎಲೆಕ್ಟ್ರಿಕಲ್ ಕೆಲಸ ನಡೆಯುವಾಗ ಧಣಿಗಳು ಬಂದು ‘ಒಂದು ಜ್ಯೂಸ್ ಕೌಂಟರ್ ಹಾಕಿಬಿಡಿ’ ಅನ್ನುತ್ತಾರೆ. ನಾಲ್ಕು ಆಯ್ಕೆ: ಹಾಕಿಕೊಡುವುದು, ಸಾಧ್ಯವಿಲ್ಲ ಎನ್ನುವುದು, ದಿನ, ಹಣ, ಕೆಲಸದ ಮೇಲೆ ಪರಿಣಾಮ ಏನೆಂದು ಲೆಕ್ಕ ಹಾಕುವುದು, ಯೋಜನೆಯನ್ನು ತಿದ್ದುವುದು. ಕ್ರಮ ಹೀಗೆ: ಪರಿಣಾಮ ಲೆಕ್ಕ ಹಾಕಿ, ಚೇಂಜ್ ರಿಕ್ವೆಸ್ಟ್ ಬರೆದು, ಬದಲಾವಣೆಗಳನ್ನು ಪರಿಶೀಲಿಸುವ ಮಂಡಳಿಯ ಒಪ್ಪಿಗೆ ಪಡೆದು, ಬೇಸ್‌ಲೈನ್ ತಿದ್ದಿ, ಎಲ್ಲರಿಗೂ ತಿಳಿಸಿ, ಆಮೇಲೆ ಕೆಲಸ. ಮೊದಲು ಎಂದು ಕೇಳಿದರೆ ಲೆಕ್ಕ. ಒಪ್ಪಿಗೆ ಸಿಕ್ಕಿದೆ, ಮುಂದೇನು ಎಂದರೆ ತಿದ್ದುಪಡಿ. ಪ್ರಶ್ನೆ ನಿಮ್ಮನ್ನು ಈ ಸಾಲಿನ ಯಾವ ಮೆಟ್ಟಿಲ ಮೇಲೆ ನಿಲ್ಲಿಸಿದೆ ಎಂದು ಪತ್ತೆ ಹಚ್ಚಿ.

ನಮ್ಮ ಆಫೀಸುಗಳಲ್ಲಿ ಏನೇ ಆದರೂ ಮೊದಲು ಬಾಸ್‌ಗೆ ಹೇಳುವುದು ರೂಢಿ. ಪರೀಕ್ಷೆಯಲ್ಲಿ ಅದು ಬಹುತೇಕ ತಪ್ಪು. ಅಲ್ಲಿನ ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಕಾರಣ ಹುಡುಕುತ್ತಾನೆ, ಸಂಬಂಧಪಟ್ಟವರ ಜತೆ ಎದುರಾಬದುರು ಮಾತಾಡುತ್ತಾನೆ, ತನ್ನ ಕೈಮೀರಿದಾಗ ಮಾತ್ರ ಮೇಲಕ್ಕೆ ಒಯ್ಯುತ್ತಾನೆ. ಕಚೇರಿಯ ಅನುಭವ ಹತ್ತು ವರ್ಷದ್ದಾದರೂ ಆ ಮೂರು ಗಂಟೆ ಅದನ್ನು ಬಾಗಿಲಾಚೆ ಬಿಟ್ಟುಬನ್ನಿ.

ಅರ್ಜಿ, ಹೆಸರು, ದಿನಾಂಕ

23 ಗಂಟೆಯ ತರಬೇತಿಗೆ ಪಿಎಂಐಯದೇ ಆನ್‌ಲೈನ್ ಕೋರ್ಸ್ ಇದೆ. ಕೋರ್ಸೆರಾದಲ್ಲಿರುವ ಗೂಗಲ್‌ನ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಕೂಡ ನಡೆಯುತ್ತದೆ. ಮುಂಬಯಿ ಮತ್ತು ಪುಣೆ ಎರಡರಲ್ಲೂ ಪಿಎಂಐ ಚಾಪ್ಟರ್‌ಗಳಿವೆ (ಸ್ಥಳೀಯ ಘಟಕಗಳು), ಜತೆಗೆ ಓದುವವರು ಸಿಗುವುದು ಅಲ್ಲೇ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ತೊಡಕಿದೆ. ಊರಿನ ಅಂಕಪಟ್ಟಿಯಲ್ಲಿ ಇನಿಷಿಯಲ್, ಇಲ್ಲಿ ಮಾಡಿಸಿದ ಕಾರ್ಡಿನಲ್ಲಿ ಮಹಾರಾಷ್ಟ್ರದ ರೀತಿ ತಂದೆಯ ಹೆಸರು ನಡುವೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಅರ್ಜಿಯ ಹೆಸರು ಗುರುತಿನ ಚೀಟಿಯ ಇಂಗ್ಲಿಷ್ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಶುಲ್ಕವೂ ಹೋಗುತ್ತದೆ. ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅರ್ಜಿ ತುಂಬುವುದು ಕ್ಷೇಮ.

ಪಿಎಂಐ ಪರವಾಗಿ ಪರೀಕ್ಷೆ ನಡೆಸುವುದು ಪಿಯರ್ಸನ್ ವ್ಯೂ ಎಂಬ ಸಂಸ್ಥೆ. ಕೇಂದ್ರಕ್ಕೂ ಹೋಗಬಹುದು, ಮನೆಯಿಂದಲೂ ಬರೆಯಬಹುದು. ಗೋವಾದಲ್ಲಿರುವವರು ದಿನಾಂಕ ಹುಡುಕುವಾಗಲೇ ಹತ್ತಿರದ ಕೇಂದ್ರ ನೋಡಿಕೊಳ್ಳಿ. ಮನೆಯಿಂದಾದರೆ ಕೋಣೆಯಲ್ಲಿ ನೀವೊಬ್ಬರೇ ಇರಬೇಕು, ಮೇಜು ಖಾಲಿ ಇರಬೇಕು, ಕಾಗದ ಪೆನ್ನು ಇಲ್ಲ. ಲೆಕ್ಕ ಪರದೆಯ ಮೇಲಿನ ವೈಟ್‌ಬೋರ್ಡ್‌ನಲ್ಲಿ. ಯಾರಾದರೂ ಬಾಗಿಲು ತೆರೆದು ಒಳಬಂದರೆ ಪರೀಕ್ಷೆ ರದ್ದಾಗಬಹುದು. ಒನ್ ಆರ್‌ಕೆ ಮನೆಯಲ್ಲಿ ನಾಲ್ಕು ಜನ ಇರುವವರಿಗೆ ಕೇಂದ್ರವೇ ಒಳ್ಳೆಯದು. ಓದುವಾಗ ಬಾಯಿಂದ ಗುನುಗುವ ಅಭ್ಯಾಸವನ್ನೂ ಅಣಕು ಪರೀಕ್ಷೆಯಲ್ಲೇ ಬಿಡಿ, ಕ್ಯಾಮೆರಾದಲ್ಲಿ ನೋಡುವವರು ಅದಕ್ಕೂ ಎಚ್ಚರಿಸುತ್ತಾರೆ.

ದಿನಾಂಕ ಆರಿಸುವಾಗ ಜುಲೈ ಬೇಡ. ಲೋಕಲ್ ನಿಂತರೆ ಕೇಂದ್ರ ತಲುಪುವುದೂ ಇಲ್ಲ. ಗಣೇಶೋತ್ಸವದ ಹತ್ತು ದಿನ ಮನೆಯಿಂದ ಬರೆಯುವುದಂತೂ ಬೇಡವೇ ಬೇಡ, ಢೋಲ್-ತಾಶೆ ಪಥಕಗಳ ಅಭ್ಯಾಸ ಅದಕ್ಕೂ ವಾರಗಳ ಮೊದಲೇ ಶುರುವಾಗಿರುತ್ತದೆ. ಕಾಯ್ದಿರಿಸಿದ ದಿನಕ್ಕೆ 30 ದಿನದೊಳಗೆ ಬದಲಾಯಿಸಿದರೆ ಹೆಚ್ಚುವರಿ ಶುಲ್ಕ, 48 ಗಂಟೆಯೊಳಗೆ ಬದಲಾಯಿಸಲು ಬರುವುದಿಲ್ಲ.

75 ಪ್ರಶ್ನೆ ಮುಗಿದಾಗ 10 ನಿಮಿಷ ವಿರಾಮ. ಅದನ್ನು ತೆಗೆದುಕೊಂಡ ಮೇಲೆ ಮೊದಲರ್ಧಕ್ಕೆ ಮರಳಲು ಆಗುವುದಿಲ್ಲ, ಆದ್ದರಿಂದ ಗುರುತು ಹಾಕಿಟ್ಟ ಪ್ರಶ್ನೆಗಳನ್ನು ಅದಕ್ಕೂ ಮೊದಲೇ ಮುಗಿಸಿ. ಹೊತ್ತು ನೋಡಲು ಒಂದೇ ಗಡಿ ಸಾಕು: 90 ನಿಮಿಷಕ್ಕೆ 75.

ಪಾಸಿಗೆ ಇಷ್ಟೇ ಅಂಕ ಎಂದು ಪಿಎಂಐ ಹೇಳುವುದಿಲ್ಲ. ಅಣಕು ಪರೀಕ್ಷೆಗಳಲ್ಲಿ, ಮೊದಲು ಕಾಣದ ಪ್ರಶ್ನೆಗಳಿಗೆ, ಸತತವಾಗಿ 75% ದಾಟುವವರೆಗೆ ದಿನಾಂಕ ಕಾಯ್ದಿರಿಸಬೇಡಿ. ಅರ್ಜಿ ಒಪ್ಪಿದ ದಿನದಿಂದ ಒಂದು ವರ್ಷ, ಅದರಲ್ಲಿ ಮೂರು ಪ್ರಯತ್ನ. ಫೇಲಾದರೆ ವಿಭಾಗವಾರು ವರದಿ ಬರುತ್ತದೆ. ಗುರಿಗಿಂತ ಕೆಳಗೆ ಎಂದು ಬಂದ ವಿಭಾಗವನ್ನು ಅದರ ಶೇಕಡಾವಾರು ತೂಕದ ಜತೆ ಇಟ್ಟು ನೋಡಿ, ತೂಕ ಹೆಚ್ಚಿರುವುದರಿಂದ ಮತ್ತೆ ಶುರುಮಾಡಿ. ಪಾಸಾದವರಿಗೆ ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ. ಉಳಿಸಿಕೊಳ್ಳಲು ಆ ಅವಧಿಯಲ್ಲಿ 15 ಪಿಡಿಯು (ವೃತ್ತಿಯ ಕಲಿಕೆಗೆ ಕೊಟ್ಟ ಹೊತ್ತಿನ ಲೆಕ್ಕ) ಗಳಿಸಬೇಕು.